ಏಳನೆಯ ಪ್ರಶ್ನೆ

ಹುಡುಗರು ಅವನಿಗೆ ಇಟ್ಟಿದ್ದ ಹೆಸರು ‘ಇತರೆ ಸರ್’. ಅರ್ಥಶಾಸ್ತ್ರದ ಪಾಠದಲ್ಲಿ ಬೆಲೆ ಏರಲಿ, ಇಳಿಯಲಿ, ‘ಇತರೆ ಅಂಶಗಳು ಸ್ಥಿರವಾಗಿದ್ದರೆ’ ಎಂದು ಸೇರಿಸದೆ ಅವನಿಗೆ ಬಾಯಿ ಮುಚ್ಚಲು ಬರುತ್ತಿರಲಿಲ್ಲ. ಆ ಹೆಸರಿನ ಬಗ್ಗೆ ಅವನಿಗೆ ಬೇಸರವೂ ಇರಲಿಲ್ಲ. ಕಾಲೇಜಿನ ಸಿಬ್ಬಂದಿ ಪಟ್ಟಿಯಲ್ಲಿ ಕಾಯಂ ಮೇಷ್ಟ್ರುಗಳು, ಗುಮಾಸ್ತರು, ಕಾವಲುಗಾರ ಎಲ್ಲರೂ ಮುಗಿದ ಮೇಲೆ ‘ಇತರೆ’ ಎಂಬ ತಲೆಬರಹದ ಕೆಳಗೇ ಅವನಿದ್ದ. ಹುಡುಗರು ಕಚೇರಿಯ ದಾಖಲೆಯನ್ನು ಓದಿ ಹೇಳಿದ್ದರು, ಅಷ್ಟೆ.

ಐದು ವರ್ಷಗಳಿಂದ ಅವನು ತಾತ್ಕಾಲಿಕ ಉಪನ್ಯಾಸಕ. ಪ್ರತಿ ಬೇಸಿಗೆಯಲ್ಲೂ ಕೆಲಸ ಹೋಗುತ್ತಿತ್ತು. ವಿಭಾಗದ ಮುಖ್ಯಸ್ಥರು ಸಹಿ ಹಾಕಿದರೆ ವಾಪಸ್ ಬರುತ್ತಿತ್ತು. ಈ ಸಲದ ಕಾಗದವೂ ಅವರ ಮೇಜಿನ ಮೇಲೆ ಹತ್ತು ದಿನದಿಂದ ಸಹಿಗೆ ಕಾಯುತ್ತ ಬಿದ್ದಿತ್ತು.

ಅಂಥ ಹೊತ್ತಿನಲ್ಲಿ ತೆಪ್ಪಗಿರುವುದು ಬಿಟ್ಟು, ಕೊನೆಯ ವರ್ಷದ ನಲವತ್ತು ಡಿಗ್ರಿ ಹುಡುಗರಿಗೆ ಸ್ವತಂತ್ರ ಸಂಶೋಧನೆ ಕಲಿಸುತ್ತೇನೆಂದು ಹೊರಟದ್ದು ಅವನದೇ ಅಧಿಕಪ್ರಸಂಗ. ಕಪಾಟಿನಲ್ಲಿದ್ದ ಹಳೆಯ ಪ್ರಾಜೆಕ್ಟ್ ವರದಿಗಳನ್ನು ತೆಗೆದು ನೋಡಿದರೆ ಆರು ವರ್ಷಗಳಿಂದ ಒಂದೇ ವರದಿ ರಟ್ಟು ಬದಲಾಯಿಸಿಕೊಂಡು ಓಡಾಡುತ್ತಿತ್ತು. ಮೊದಲು ಬರೆದ ಹೆಣ್ಣುಮಗಳು ಕೃತಜ್ಞತೆಯ ಪುಟದಲ್ಲಿ ‘ನನ್ನ ಪತಿಯವರಿಗೆ ಋಣಿ’ ಎಂದಿದ್ದಳು. ಆಮೇಲೆ ಬಂದ ಹದಿನೇಳು ಗಂಡುಹುಡುಗರೂ ತಮ್ಮ ಪತಿಯವರಿಗೆ ಋಣಿಯಾಗಿದ್ದರು.

ಮುಖ್ಯಸ್ಥರು ಬೇಡವೆನ್ನಲಿಲ್ಲ. ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದ ಅವರಿಗೆ ಬೇಡ ಎನ್ನುವುದೂ ಆಯಾಸವೇ. ಎಲ್ಲರೂ ಒಂದೇ ಫಾರಂ ತುಂಬಿಸಲಿ, ವರದಿಗಳು ಒಂದೇ ಅಳತೆಯಲ್ಲಿರಲಿ ಎಂದಷ್ಟೇ ಹೇಳಿದರು. ಅವನು ಇಪ್ಪತ್ತೆರಡು ಪ್ರಶ್ನೆಗಳ ಫಾರಂ ಬರೆದ. ಕಾಲೇಜಿನ ಹಿಂದಿನ ಎಂಟು ಬೀದಿಗಳಲ್ಲಿ ಹೆಂಗಸರ ದುಡಿಮೆ ಹೇಗಿದೆ ಎಂಬುದು ವಿಷಯ. ಏಳನೆಯ ಪ್ರಶ್ನೆ: ‘ನೀವು ಕೆಲಸಕ್ಕೆ ಹೋಗುತ್ತೀರಾ? ಹೌದು / ಇಲ್ಲ.’ ಇಲ್ಲ ಎಂದವರಿಗೆ ಮುಂದಿನ ಹತ್ತು ಪ್ರಶ್ನೆ ಬಿಟ್ಟು ನೇರ ಹದಿನೆಂಟಕ್ಕೆ ಹಾರಬೇಕು. ಬಿಸಿಲಲ್ಲಿ ನಿಂತ ಹುಡುಗರಿಗೆ ಇಲ್ಲ ಎಂದವರೆಲ್ಲ ದೇವರಂತೆ ಕಂಡರು.

ಲೆಕ್ಕ ಬಂತು. ನೂರಕ್ಕೆ ಎಂಬತ್ತೊಂದು ಹೆಂಗಸರು ದುಡಿಯುವುದಿಲ್ಲ. ಅವನು ಬಣ್ಣದ ನಕ್ಷೆ ಬರೆದು ಗೋಡೆಗೆ ಅಂಟಿಸಿ, ದೂರ ನಿಂತು, ತಲೆ ಓರೆ ಮಾಡಿ ನೋಡಿದ. ಮುಖ್ಯಸ್ಥರೂ ನೋಡಿ, ಸೋಮವಾರ ಕಾಲೇಜು ನೋಡಲು ಬರುವ ತಪಾಸಣೆ ಸಮಿತಿಗೆ ಮೊದಲು ಇದನ್ನೇ ತೋರಿಸೋಣ ಎಂದರು. ಅವನ ಕಾಗದಕ್ಕೆ ಅಂದೇ ಸಹಿ ಬೀಳುವುದೂ ಖಾತ್ರಿಯಾಯಿತು.

ಗುರುವಾರ ಬಂದಳು ‘ಡೌಟು’. ಮಾತಿಗೆ ಮುಂಚೆ ‘ಸರ್, ಒಂದು ಡೌಟು’ ಎನ್ನುತ್ತಿದ್ದ ಆ ಹುಡುಗಿಗೆ ತರಗತಿ ಬೇರೆ ಹೆಸರು ಹುಡುಕುವ ಕಷ್ಟ ತೆಗೆದುಕೊಂಡಿರಲಿಲ್ಲ. ಅವಳ ಕೈಯಲ್ಲಿ ಫಾರಂ ಇರಲಿಲ್ಲ, ಒಂದು ನೋಟ್‌ಬುಕ್‌ನಲ್ಲಿ ಬರೆದ ವರದಿ ಇತ್ತು.

“ಸರ್, ಒಂದು ಡೌಟು. ಮೊದಲನೇ ಮನೆಯವರು ಇಲ್ಲ ಅಂದ್ರು. ಅನ್ನುವಾಗ ಪೆಟ್ಟಿಗೆ ಮಡಚ್ತಾ ಇದ್ರು.”

“ಯಾವ ಪೆಟ್ಟಿಗೆ?”

“ಚಪ್ಪಲಿ ಅಂಗಡಿಗೆ ಕೊಡೋ ರಟ್ಟಿನ ಪೆಟ್ಟಿಗೆ. ದಿನಕ್ಕೆ ಮುನ್ನೂರು. ಇದು ಕೆಲಸ ಅಲ್ವಾ ಅಂದ್ರೆ, ‘ಅಯ್ಯೋ, ಮನೇಲಿ ಸುಮ್ನೆ ಕೂತಿರ್ತೀನಲ್ಲ, ಅದಕ್ಕೆ’ ಅಂದ್ರು. ನೀವು ‘ಹೋಗ್ತೀರಾ’ ಅಂತ ಕೇಳಿದೀರಿ ಸರ್. ಅವರು ಎಲ್ಲಿಗೂ ಹೋಗಲ್ಲ.”

ಅವಳು ಫಾರಂ ಮಡಚಿಟ್ಟು, ನಿನ್ನೆ ಎದ್ದಾಗಿನಿಂದ ಏನೇನು ಮಾಡಿದಿರಿ ಎಂದು ಕೇಳುತ್ತ ಮೂವತ್ತು ಮನೆ ಸುತ್ತಿದ್ದಳು. ಇಪ್ಪತ್ತಮೂರು ಮನೆಗಳಲ್ಲಿ ಹೆಂಗಸರು ಕೂತಲ್ಲೇ ದುಡಿಯುತ್ತಿದ್ದರು.

ಇತರೆ ಸರ್ ಗಂಟಲು ಸರಿಮಾಡಿಕೊಂಡು, ನಿಯಮ ಎಂದರೆ ನಿಯಮ, ನಾಳೆಯೊಳಗೆ ಫಾರಂ ತುಂಬಿಸಿ ತರದಿದ್ದರೆ ವರದಿ ಪಾಸಾಗುವುದಿಲ್ಲ ಎಂದ. ತನ್ನ ದನಿಯಲ್ಲಿ ಮುಖ್ಯಸ್ಥರ ದನಿ ಕೇಳಿ ಅವನಿಗೇ ಕಸಿವಿಸಿಯಾಯಿತು.

“ಸರಿ ಸರ್. ಆದ್ರೆ ಸುಳ್ಳು ಅಂತ ಗೊತ್ತಾದ್ಮೇಲೂ ಬರೀಬೇಕಾ?”

ಆಮೇಲೆ ನೋಡೋಣ ಎಂದು ವರದಿ ಇಟ್ಟುಕೊಂಡು ಅವಳನ್ನು ಸಾಗಹಾಕಿದ.

ಸಂಜೆ ಮನೆಗೆ ಹೋದ. ಅಣ್ಣನ ಮನೆ. ಮುಂದಿನ ಕೋಣೆಯಲ್ಲಿ ಅತ್ತಿಗೆ ಕಾರ್ಖಾನೆಯಿಂದ ಬಂದ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಮುಗಿದವು ಅವನ ಮಂಚದ ಮೇಲೆ ಎದೆಮಟ್ಟ. ನಾಲ್ಕು ವರ್ಷಗಳಿಂದ ಆ ರಾಶಿಯನ್ನು ಕುರ್ಚಿಗೆ ಸಾಗಿಸಿಯೇ ಅವನು ಮಲಗುತ್ತಿದ್ದ. ಫಾರಂ ಸರಿಯಿದೆಯೇ ಎಂದು ಮೊದಲು ಪರೀಕ್ಷಿಸಿದ್ದೂ ಇವಳ ಮೇಲೆಯೇ. ಇವಳು ‘ಇಲ್ಲ’ ಎಂದಿದ್ದಳು, ಇವನು ಗುರುತು ಹಾಕಿ ಹದಿನೆಂಟಕ್ಕೆ ಹಾರಿದ್ದ.

“ಅತ್ತಿಗೆ, ನೀವು ಕೆಲಸಕ್ಕೆ ಹೋಗ್ತೀರಾ?”

“ಮತ್ತೆ ಶುರು ಮಾಡಿದ್ಯಾ? ಆವತ್ತೇ ಇಲ್ಲ ಅಂದ್ನಲ್ಲ. ಬೆಳಕಿಗೆ ಅಡ್ಡ ನಿಲ್ಬೇಡ, ಸೂಜಿಗೆ ದಾರ ಪೋಣಿಸಿ ಕೊಡು.”

ಅವನು ಪೋಣಿಸಿಕೊಟ್ಟ. ಎಂ.ಎ. ಓದಿದ ಕಣ್ಣಿಗೆ ಸೂಜಿಯ ತೂತು ಸಿಗಲು ನಾಲ್ಕು ಸಲ ಬೇಕಾಯಿತು.

ಶುಕ್ರವಾರ ಮುಖ್ಯಸ್ಥರ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಹುಡುಗಿಯ ವರದಿಯೊಂದೇ ಸರಿ, ಉಳಿದ ಮೂವತ್ತೊಂಬತ್ತೂ ತಪ್ಪು, ತಪ್ಪು ಅವರದಲ್ಲ, ನನ್ನ ಪ್ರಶ್ನೆಯದು ಎಂದ. ಮುಖ್ಯಸ್ಥರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಬೈದಿದ್ದರೆ ಹಗುರಾಗುತ್ತಿತ್ತು.

“ಸಮಿತಿಯವರು ಮನೆಮನೆಗೆ ಹೋಗಿ ನೋಡ್ತಾರೇನ್ರೀ? ನಕ್ಷೆ ನೋಡ್ತಾರೆ, ಟೀ ಕುಡೀತಾರೆ, ಹೋಗ್ತಾರೆ.”

“ಹೌದು ಸರ್.”

“ಒಂದು ಹುಡುಗಿಗೋಸ್ಕರ ಇಷ್ಟೊಂದಾ?”

“ಸಂಶೋಧನೆ ಮಾಡಿದ್ದು ಅವಳೊಬ್ಬಳೇ ಸರ್. ಅವಳನ್ನೇ ಫೇಲ್ ಮಾಡಿದ್ರೆ, ನಾನು ಕಲಿಸಿದ್ದು ಏನು?”

ಧೈರ್ಯ ಅವನಿಗೆ ಹೊಸ ಚಪ್ಪಲಿಯಂತೆ, ಹಾಕಿಕೊಂಡ ತಕ್ಷಣ ಕಚ್ಚುತ್ತಿತ್ತು. ಮುಖ್ಯಸ್ಥರು ಹುಡುಗಿಯ ವರದಿಯನ್ನು ನಿಧಾನವಾಗಿ ಮಗುಚಿದರು, ಸಹಿ ಹಾಕಿದರು. ಆಮೇಲೆ ಅವನ ಕಾಗದ ಎಳೆದುಕೊಂಡು ‘ಒಂದು ವರ್ಷ’ ಎಂಬುದನ್ನು ಹೊಡೆದು ‘ಒಂದು ಸೆಮಿಸ್ಟರ್’ ಎಂದು ಬರೆದರು. ಗೋಡೆಯ ನಕ್ಷೆ ಇಳಿಸಿಬಿಡಿ, ಸಮಿತಿಗೆ ಹಳೆಯದೇನಾದರೂ ತೋರಿಸುತ್ತೇನೆ, ಉಳಿದವರ ವರದಿ ಎರಡು ವಾರದಲ್ಲಿ ನನ್ನ ಮೇಜಿನ ಮೇಲಿರಲಿ ಎಂದರು. ತಲೆ ಎತ್ತಲಿಲ್ಲ.

ಅದೇ ಬೀದಿಗಳಿಗೆ ಮತ್ತೆ ಹೋಗಬೇಕು ಎಂದಾಗ ತರಗತಿ ನರಳಿತು. ಹಿಂದಿನ ಬೆಂಚಿನಿಂದ ಒಬ್ಬ, ಪ್ರಶ್ನೆ ನಿಮ್ಮದು, ಬಿಸಿಲು ನಮ್ಮದಾ ಸರ್ ಎಂದು ಕೇಳಿದ. ನ್ಯಾಯವಾದ ಮಾತೇ. ಅವನು ತನ್ನ ಪಾಲಿಗೆ ಒಂದಿಡೀ ಬೀದಿ ಬರೆದುಕೊಂಡ.

ಮೊದಲ ಮೂರು ಮನೆಗಳಲ್ಲಿ ಬಾಗಿಲು ತೆರೆಯಲಿಲ್ಲ. ನಾಲ್ಕನೆಯ ಮನೆಯಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು.

“ಮೊನ್ನೆ ತಾನೇ ನಿಮ್ಮ ಹುಡುಗರು ಬಂದಿದ್ರಲ್ಲಪ್ಪ. ನಾನು ಎಲ್ಲೂ ಕೆಲಸಕ್ಕೆ ಹೋಗಲ್ಲ.”

“ಅದು ಬಿಡಿ ಅಮ್ಮಾ. ನಿನ್ನೆ ಎದ್ದಾಗಿನಿಂದ ಏನೇನು ಮಾಡಿದ್ರಿ, ಅಷ್ಟು ಹೇಳಿ ಸಾಕು.”

ಅವಳು ಅವನ ಬೆವರಿದ ಮುಖವನ್ನು ಒಮ್ಮೆ, ಕೈಯಲ್ಲಿದ್ದ ಒಂದೇ ಒಂದು ಹಾಳೆಯನ್ನು ಒಮ್ಮೆ ನೋಡಿದಳು. ಕಾಲಿನಿಂದ ಸ್ಟೂಲನ್ನು ಅವನ ಕಡೆ ತಳ್ಳಿದಳು.

“ಹಾಗಾದ್ರೆ ಕೂತ್ಕೊಳ್ಳಿ. ಅದು ನಿಂತು ಕೇಳೋವಂಥದ್ದಲ್ಲ.”