ಪರದೆಯ ಈಚೆ ನಾನು

ಚೊಚ್ಚಲ ಹೆರಿಗೆ ತವರಿನದು, ಎರಡನೆಯದು ಗಂಡನ ಮನೆಯದು. ಹಾಗಾಗಿ ಮುಧೋಳದ ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆಯ ಹೊರಗೆ ಈ ಸಲ ಅವ್ವನ ಬದಲು ಅತ್ತೆ ಕೂತಿದ್ದರು. ಗಂಡ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೊಲದಲ್ಲಿದ್ದ. ಸಕ್ಕರೆ ಕಾರ್ಖಾನೆಗೆ ಕಬ್ಬು ಕಳಿಸುವ ಪಾಳಿ ತಪ್ಪಿದರೆ ಮತ್ತೆ ಬೇಗ ಬರುವುದಿಲ್ಲವಂತೆ.

ಬೆನ್ನಿಗೆ ಕೊಟ್ಟ ಇಂಜೆಕ್ಷನ್‌ನಿಂದ ಸೊಂಟದ ಕೆಳಗೆ ನಾನು ಇರಲೇ ಇಲ್ಲ. ಎದೆಯ ಮೇಲೆ ಅಡ್ಡಕ್ಕೆ ಹಸಿರು ಪರದೆ, ಎರಡೂ ಕೈ ಅಲ್ಲಾಡದಂತೆ ಪಟ್ಟಿ. ಕೂಸು ಅತ್ತಿತು. ಹೆಣ್ಣು ಎಂದರು. ಮೊದಲನೆಯದೂ ಹೆಣ್ಣೇ. ನನಗೆ ಸಂತೋಷವೇ ಆಯಿತು. ಎರಡು ಸಾಕು, ಮುಂದೆ ಮಕ್ಕಳಾಗದಂತೆ ಹೆರಿಗೆಯ ಜೊತೆಗೇ ಆಪರೇಷನ್ ಮಾಡಿಬಿಡಿ ಎಂದು ಲೇಡಿ ಡಾಕ್ಟರಿಗೆ ಮೊದಲೇ ಹೇಳಿದ್ದೆ.

ಪರದೆಯ ಆಚೆ ಡಾಕ್ಟರ್ ನರ್ಸಿಗೆ ಹೇಳಿದರು, “ಆಪರೇಷನ್ ಮಾಡೂದೋ ಬ್ಯಾಡೋ, ಹೊರಗ ಅವರ ಮಂದೀನ್ನ ಕೇಳಿ ಬಾ.”

ನರ್ಸಿನ ಚಪ್ಪಲಿ ಸದ್ದು ದೂರವಾಯಿತು. ಸೀಳಿದ ಹೊಟ್ಟೆಯೊಂದಿಗೇ ನಾನು ಕಾದೆ. ಅತ್ತೆ ಫೋನಿನಲ್ಲಿ ಮಗನೊಂದಿಗೆ ಜೋರಾಗಿ ಮಾತಾಡುವುದು ಒಳಗೂ ಕೇಳುತ್ತಿತ್ತು. ಚಪ್ಪಲಿ ಸದ್ದು ಮರಳಿತು.

“ಬ್ಯಾಡಂತರೀ. ಇನ್ನೊಂದು ನೋಡ್ತಾರಂತ.”

ನೋಡುತ್ತಾರಂತೆ! ಹೆರುವವಳು ನಾನು.

“ಮೇಡಂ, ನಾ ಎಚ್ಚರ ಅದೀನ್ರೀ. ನನ್ನ ಕೇಳ್ರೀ,” ಎಂದೆ.

“ಗೊತ್ತೈತಿ ತಂಗಿ,” ಎಂದು ಅವರು ಪ್ರೀತಿಯಿಂದಲೇ ಹೇಳಿದರು. “ಅಲ್ಲಾಡಬ್ಯಾಡ. ಹೊಲಿಗಿ ಹಾಕಾಕತ್ತೇನಿ.”