ಕಾಡಿಗೆ ಹೊತ್ತ ಎರಡು ಡ್ರಮ್ ನೀರು

ಎಪ್ಪತ್ತರ ದಶಕದ ಕೊನೆಯಲ್ಲಿ ಹೊಳನಗದ್ದೆ ಕಡೆಯ ಮೀನುಗಾರರ ಮನೆಗಳಲ್ಲಿ ದೋಣಿ ಬಿಟ್ಟು ಜೀಪು ಹತ್ತಿದವನು ನಾನೊಬ್ಬನೇ. ಜಂಬ ಎಂದರೆ ಜಂಬವೇ ಸರಿ, ಗಾಡಿ ನನ್ನ ಕೈಗೆ ಚೆನ್ನಾಗಿಯೇ ಒಗ್ಗಿತ್ತು. ಹಳೆಯ ಜೀಪು, ಅದರ ಹಿಂದೆ ಎರಡು ಚಕ್ರದ ಟ್ರೇಲರ್. ಮೀನು, ಐಸು ಹೇರಿಕೊಂಡು ಕುಮಟಾ, ಹೊನ್ನಾವರ ಪೇಟೆಗೆ ಓಡಾಡುತ್ತಿದ್ದೆ.

ಅಪ್ಪನಿಗೆ ಅದು ಸುತರಾಂ ಇಷ್ಟವಿರಲಿಲ್ಲ. ಅವನು ತಾಂಡೇಲ, ಅಂದರೆ ದೋಣಿ ನಡೆಸುವವನು. ನೀರಿಗಿಳಿದ ಮೇಲೆ ಅವನ ಮಾತಿಗೆ ಆರು ಜನರಲ್ಲಿ ಒಬ್ಬನೂ ಎದುರಾಡುವ ಹಾಗಿಲ್ಲ. ಆ ವರ್ಷ ಬಂಗಡೆ ಚೆನ್ನಾಗಿ ಬಿದ್ದಿತ್ತು. ಆ ಖುಷಿಗೆ, ದೋಣಿಯವರನ್ನೆಲ್ಲ ಎರಡು ದಿನ ಗೇರುಸೊಪ್ಪೆಯ ಮೇಲಿನ ಕಾಡಿನಲ್ಲಿ ಬಿಡಾರಕ್ಕೆ ಕರೆದೊಯ್ಯುತ್ತೇನೆಂದು ಅಪ್ಪ ಮಾತು ಕೊಟ್ಟುಬಿಟ್ಟ. ಆಮೇಲೆ ನನ್ನನ್ನು ಕರೆದ.

"ನಿನ್ನ ಗಾಡಿ ಎಂತ ಮಾಡ್ತದೆ ನೋಡುವ. ದಾರೀಲಿ ಕೈ ಕೊಟ್ರೆ ಅದನ್ನ ಮಾರಿ, ಸುಮ್ನೆ ಬಂದು ದೋಣಿ ಹತ್ತು."

"ಕೈ ಕೊಟ್ರೆ ತಾನೇ?" ಅಂದೆ.

ಹೊರಡುವ ಬೆಳಿಗ್ಗೆ ಟ್ರೇಲರಿಗೆ ಸಾಮಾನು ಹೇರಿಸಿದ್ದು ಅಪ್ಪನೇ. ಅಕ್ಕಿ, ಹಂಡೆ, ಡೇರೆ ಕಟ್ಟಲು ಹಳೆಯ ಹಾಯಿ, ಸಾಲದ್ದಕ್ಕೆ ಎರಡು ಡ್ರಮ್ ತುಂಬ ಕುಡಿಯುವ ನೀರು! ಹಳ್ಳದ ದಂಡೆಯಲ್ಲಿ ಉಳಿಯುವವರಿಗೆ ನೀರು ಯಾಕೆ ಎಂದು ಕೇಳಿದರೆ ಕೇಳಿದವನೇ ಹುಚ್ಚ. ಕಡಲಿಗೆ ಹೋಗುವ ಜನ, ಸಿಹಿನೀರಿಲ್ಲದೆ ಮನೆ ಬಿಟ್ಟವರೇ ಅಲ್ಲ. ಭಾರವೆಲ್ಲ ಹಿಂದಕ್ಕೆ ಹೋಯಿತು. ದೋಣಿಯ ಮೂತಿ ಎದ್ದಿರಬೇಕು, ತೂಕ ಹಿಂದಿರಬೇಕು ಎಂಬುದು ಅಪ್ಪನ ಕೈಗೆ ಹತ್ತಿದ ಅಭ್ಯಾಸ. ಟ್ರೇಲರಿಗೆ ಅದು ತದ್ವಿರುದ್ಧ. ಭಾರ ಮುಂದಿದ್ದು ಜೀಪಿನ ಕೊಕ್ಕೆಯನ್ನು ಒತ್ತಿ ಹಿಡಿಯಬೇಕು. ಅದು ನನಗೆ ಗೊತ್ತಿತ್ತು.

"ಅಪ್ಪಾ, ಡ್ರಮ್ ಸ್ವಲ್ಪ ಮುಂದೆ..." ಎಂದು ಬಾಯಿ ತೆರೆದೆ. ಅವನು ಒಮ್ಮೆ ನೋಡಿದ. ಮುಚ್ಚಿಕೊಂಡೆ. ಇಪ್ಪತ್ತಾರು ವರ್ಷದ ಗಂಡಸು, ಜೀಪಿನ ಮಾಲೀಕ! ಇವತ್ತಿಗೂ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಹೊನ್ನಾವರ ದಾಟಿದರೂ ಟ್ರೇಲರ್ ಆಚೆಗೊಮ್ಮೆ ಈಚೆಗೊಮ್ಮೆ ಎಳೆಯುತ್ತಲೇ ಇತ್ತು. ಗೇರುಸೊಪ್ಪೆ ಕಳೆದು, ಡಾಂಬರು ಬಿಟ್ಟು ಕಾಡುದಾರಿ ಹಿಡಿದೆವು. ಮೊದಲ ಏರಿನ ಅರ್ಧಕ್ಕೆ ಹೋಗಿದ್ದೆವೋ ಇಲ್ಲವೋ, ಟ್ರೇಲರಿನ ಹಿಂಭಾಗ ಕುಸಿದು, ಮೂತಿ ಮೇಲೆದ್ದು, ಜೀಪಿನ ಹಿಂಬದಿಯನ್ನೇ ಎತ್ತಿತು. ಚಕ್ರ ಗರಗರ ತಿರುಗಿದರೂ ನೆಲದ ಹಿಡಿತವೇ ಇಲ್ಲ. ಬ್ರೇಕ್ ಒತ್ತಿದರೂ ಜೀಪು ಹಿಂದಕ್ಕೆ ಜಾರತೊಡಗಿತು.

"ಚಕ್ರಕ್ಕೆ ಕಲ್ಲು ಕೊಡಿ!" ಎಂದು ಕೂಗಿದೆ. ದೋಣಿಯವರು ಧುಮುಕಿ ಕಲ್ಲು ಇಟ್ಟರು. ಜೀಪು ನಿಂತಿತು. ಪಕ್ಕದ ಕೊರಕಲಿಗೆ ಎರಡು ಮಾರು ಉಳಿದಿತ್ತು.

"ನೋಡ್ದ್ಯಾ ನಿನ್ನ ಗಾಡಿ!" ಎಂದ ಅಪ್ಪ, ದೋಣಿಯವರ ಕಡೆ ತಿರುಗಿದ. "ಬನ್ನಿ, ಎಲ್ರೂ ಹಿಂದೆ ನಿಂತು ನೂಕಿ!"

ನನ್ನ ಪಿತ್ತ ನೆತ್ತಿಗೇರಿತು. "ಯಾರೂ ಹಿಂದೆ ಹೋಗ್ಬೇಡಿ! ಕಲ್ಲು ಜಾರಿದ್ರೆ ಒಬ್ರೂ ಉಳಿಯುದಿಲ್ಲ. ಅಪ್ಪಾ, ಸಮುದ್ರದಲ್ಲಿ ನೀ ತಾಂಡೇಲ. ಇಲ್ಲಿ ನಾನು. ಮೊದ್ಲು ಆ ನೀರು ಚೆಲ್ಲಿ!"

"ಕುಡಿಯೋ ನೀರು ಚೆಲ್ಲೂದಾ?" ಎಂದ ಅಪ್ಪ.

ದೋಣಿಯಲ್ಲಿ ಸಿಹಿನೀರು ಚೆಲ್ಲಿದವನನ್ನು ಅಪ್ಪ ಮತ್ತೆ ದೋಣಿ ಹತ್ತಿಸುತ್ತಿರಲಿಲ್ಲ. ಆರೂ ಜನ ಅವನ ಮುಖ ನೋಡುತ್ತ ನಿಂತರು. ನಾನು ದನಿ ಏರಿಸಿದೆ. "ಚೆಲ್ಲಿ ಅಂದೆ."

ಕೊನೆಗೆ ಅಪ್ಪನೇ ಪಕ್ಕದಿಂದ ಕೈಹಾಕಿ ಎರಡೂ ಡ್ರಮ್ಮುಗಳ ಮುಚ್ಚಳ ತಿರುಗಿಸಿ ಓರೆ ಮಾಡಿದ. ನೀರು ಖಾಲಿಯಾಗುವವರೆಗೆ ಮುಖ ಆಚೆ ಮಾಡಿಕೊಂಡಿದ್ದ. ಅಕ್ಕಿ, ಹಂಡೆ ಎಲ್ಲವನ್ನೂ ಟ್ರೇಲರಿನ ಮುಂಭಾಗಕ್ಕೆ ತರಿಸಿದೆ. ಗಾಡಿ ಹತ್ತಿ ಗೇರು ಹಾಕಿದೆ. ಚಕ್ರ ನೆಲ ಕಚ್ಚಿತು, ಒಂದೇ ಉಸಿರಿಗೆ ಏರು ಮುಗಿಯಿತು. ಮೇಲೆ ನಿಲ್ಲಿಸಿ ಹಾರ್ನ್ ಹೊಡೆದೆ, ಬೇಕೆಂದೇ.

ಸಂಜೆ ಹಾಯಿಯ ಡೇರೆ ಎದ್ದಿತು, ಹಳ್ಳದಲ್ಲಿ ಎಲ್ಲರೂ ಮನಸಾರೆ ಮಿಂದರು. ಅಪ್ಪ ಮಾತ್ರ ನನ್ನೊಡನೆ ಒಂದು ಮಾತೂ ಆಡಲಿಲ್ಲ. ಅವನು ಹೇಳಿದಂತೆ ಜೀಪು ಮಾರಿ ದೋಣಿ ಹತ್ತುವುದೇ ಎಂದು ಲೆಕ್ಕ ಹಾಕಿದೆ. ಕತ್ತಲಾಗುವ ಮುಂಚೆ ಅವನು ಬೀಡಿ ಹಚ್ಚಿಕೊಂಡು ಬಂದು, ಜೀಪಿಗೆ ಒರಗಿ ನಿಂತ.

"ನಾಡಿದ್ದು ಎಷ್ಟೊತ್ತಿಗೆ ಹೊರಡುದು?"

ಹೊರಡುವ ಹೊತ್ತನ್ನು ಅಪ್ಪ ಇನ್ನೊಬ್ಬರ ಹತ್ತಿರ ಕೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. "ಏಳಕ್ಕೆ" ಅಂದೆ.

ಅಪ್ಪ ಹಳ್ಳದ ಕಡೆ ತಿರುಗಿ ದೋಣಿಯವರಿಗೆ ಕೂಗಿ ಹೇಳಿದ: "ಕೇಳಿಸ್ತಾ? ನಾಡಿದ್ದು ಏಳಕ್ಕೆ. ಒಬ್ರೂ ತಡ ಮಾಡ್ಬೇಡಿ!"