ತುಂಬಿದ ತಟ್ಟೆಯ ಮುಂದೆ ಪುಕ್ಕಲಿಯ ಉಪವಾಸ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಿತ್ತಲಿನ ನಲ್ಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತ ಮೊಟ್ಟೆಯಕ್ಕ ಕೋಳಿ ಆಹಾರದ ಎರಡು ಚೀಲಗಳನ್ನು ಎದುರಿಗೆ ನಿಲ್ಲಿಸಿಕೊಂಡು ಅವುಗಳ ಹಿಂಬದಿಯ ಸಣ್ಣಕ್ಷರ ಓದುತ್ತಿದ್ದಾರೆ. ಒಂದರ ಮೇಲೆ ಮೆಕ್ಕೆಜೋಳ, ಸೋಯಾ ಹಿಂಡಿ, ತೌಡು, ಸುಣ್ಣಕಲ್ಲಿನ ಪುಡಿ ಎಂದಿದೆ. ಇನ್ನೊಂದರ ಮೇಲೆ ಧಾನ್ಯಗಳು, ಸಸ್ಯಮೂಲದ ಪ್ರೋಟೀನು, ಖನಿಜಗಳು ಎಂದಷ್ಟೇ. ಎರಡೂ ಒಂದನ್ನೇ ಹೇಳುತ್ತಿವೆಯೋ, ಎರಡನೆಯದು ಏನನ್ನಾದರೂ ಬಚ್ಚಿಡುತ್ತಿದೆಯೋ, ಅವರಿಗೆ ಬಗೆಹರಿಯುತ್ತಿಲ್ಲ. ಪಕ್ಕದಲ್ಲೇ, ತುಂಬಿದ ತಟ್ಟೆಯ ಮುಂದೆ, ಕತ್ತಿನಿಂದ ಬೆನ್ನಿನವರೆಗೂ ಗರಿಯಿಲ್ಲದ ಕೋಳಿಯೊಂದು ಸುಮ್ಮನೆ ನಿಂತಿದೆ. ಹೆಸರು ಪುಕ್ಕಲಿ. ಈ ಮನೆಗೆ ಬಂದಾಗಿನಿಂದ ಅದು ನೀರು ಬಿಟ್ಟು ಬೇರೇನನ್ನೂ ಮುಟ್ಟಿಲ್ಲ.

ಹಿತ್ತಲ ಬಾಗಿಲಲ್ಲಿ ಹಲ್ಲುಜ್ಜುತ್ತಾ ನಿಂತ ಗಂಡ ಹೆಂಡತಿಯನ್ನೂ ಚೀಲವನ್ನೂ ನೋಡಿ ನಗುತ್ತಾರೆ. “ನನ್ನ ತಟ್ಟೆಗೆ ಏನು ಬೀಳುತ್ತೆ ಅಂತ ಯಾವತ್ತಾದ್ರೂ ಇಷ್ಟು ಓದಿದ್ದೀಯೇನೇ?”

“ನೀವು ಹಾಕಿದ್ದನ್ನು ತಿಂತೀರಲ್ಲ. ಇದು ತಿನ್ನಲ್ವಲ್ಲ. ಇನ್ನೆರಡು ದಿನ ಹೀಗೇ ಇದ್ರೆ ಉಳಿಯಲ್ಲ ರೀ ಇದು.”

ಮೊಟ್ಟೆಯಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಕೋಳಿ ಫಾರಂ ಒಂದರ ಕತ್ತಲ ಕೋಣೆಯಲ್ಲಿ ಕೂತು, ಪ್ರತಿ ಮೊಟ್ಟೆಯನ್ನೂ ಒರೆಸಿ, ದೀಪದ ಮೇಲೆ ಹಿಡಿದು, ಬಿರುಕು ಬಿಟ್ಟಿದ್ದನ್ನೂ ರಕ್ತದ ಚುಕ್ಕಿ ಇದ್ದುದನ್ನೂ ಪಕ್ಕಕ್ಕಿಡುವುದು ಅವರ ಕೆಲಸ. ಮದುವೆಯಾಗಿ ಬಂದ ವರ್ಷ ಕೂತ ಸ್ಟೂಲು, ಈಗ ತಲೆ ನರೆತರೂ ಅದೇ ಸ್ಟೂಲು. ಗೋಡೆಯಾಚೆ ಪಂಜರದ ಸಾಲು. ಮೊಟ್ಟೆ ಆರಿಸುವವರು ಆ ಕಡೆ ಹೋಗುವಂತಿಲ್ಲ.

ಇಳುವರಿ ಇಳಿದಾಗ ಪಂಜರಗಳನ್ನು ಖಾಲಿ ಮಾಡಿ ಕೋಳಿಗಳನ್ನು ಮಾಂಸದಂಗಡಿಗೆ ಹೋಗುವ ಲಾರಿಗೆ ತುಂಬುತ್ತಾರೆ. ಈ ಸಲ ಲಾರಿ ಭರ್ತಿಯಾಗಿ ನಾಲ್ಕಾರು ಕೋಳಿಗಳು ಗೇಟಿನ ಬಳಿ ಉಳಿದವು. ಬೇಕಾದವರು ಒಯ್ಯಿರಿ ಎಂದರು ಮೇಸ್ತ್ರಿ. ಉಳಿದ ಕೆಲಸದವರು ಸಾರಿನ ಲೆಕ್ಕ ಹಾಕುವಷ್ಟರಲ್ಲಿ ಅಕ್ಕ ಅಷ್ಟನ್ನೂ ಬುಟ್ಟಿಗೆ ಹಾಕಿಕೊಂಡಿದ್ದರು. ಯಾಕೆ ಎಂದು ಕೇಳಿದರೆ ಹೇಳುವುದು ಇಷ್ಟೇ.

“ಇಷ್ಟು ವರ್ಷ ಇವುಗಳ ದುಡಿಮೆ ಕೈಯಲ್ಲಿ ಹಿಡಿದಿದ್ದೀನಿ. ಮುಖ ನೋಡಿರ್ಲಿಲ್ಲ,” ಎನ್ನುತ್ತಾರೆ.

ಮನೆಗೆ ಬಂದ ಕೋಳಿಗಳಿಗೆ ನೆಲವೆಂದರೆ ಏನೆಂದು ಗೊತ್ತಿರಲಿಲ್ಲ. ಇಳಿಸಿದ ಜಾಗದಲ್ಲೇ ನಿಂತವು. ಒಣಗಿದ ಎಲೆ ಬಿದ್ದರೆ ಬೆದರಿದವು. ಕೂರಲು ಕಟ್ಟಿದ ಕೋಲಿಗೆ ಎತ್ತಿ ಕೂರಿಸಿದರೆ ದೊಪ್ಪೆಂದು ಬಿದ್ದವು. ನೋಡಲು ಬಂದ ಪಕ್ಕದ ಮನೆಯ ಅಜ್ಜಿ, ಇವಕ್ಕೆ ಕೋಳಿ ಅಂತ ಹೇಳಿದವರು ಯಾರು ಎಂದು ಕೇಳಿ ಹೋದರು.

ದೊಡ್ಡ ಗೊಂದಲ ಶುರುವಾದದ್ದು ಆಹಾರದ ಅಂಗಡಿಯಲ್ಲಿ. ಮೊಟ್ಟೆಕೋಳಿಯ ಚೀಲದಲ್ಲಿ ಚಿಪ್ಪು ಗಟ್ಟಿ ಮಾಡುವ ಸುಣ್ಣ ಹೆಚ್ಚು, ಬೆಳೆಯುವ ಮರಿಗಳ ಚೀಲದಲ್ಲಿ ಕಡಿಮೆ. ಇಟ್ಟು ಇಟ್ಟು ಸೋತ ಇವು ಇನ್ನಾದರೂ ಸುಧಾರಿಸಿಕೊಳ್ಳಲಿ, ಮೊಟ್ಟೆ ಇಡುವುದನ್ನು ನಿಲ್ಲಿಸಲು ಯಾವುದನ್ನು ಕೊಡಬೇಕು ಎಂದು ಅಕ್ಕ ಕೇಳಿದಾಗ ಅಂಗಡಿಯವರು ತಲೆ ಕೆರೆದುಕೊಂಡರು. ಅಂಥ ಆಹಾರ ಯಾರೂ ಮಾಡುವುದಿಲ್ಲವಂತೆ. ಸುಣ್ಣ ಕಡಿಮೆ ಮಾಡಿದರೂ ಕೋಳಿ ಇಡುತ್ತಲೇ ಹೋಗುತ್ತದೆ, ಚಿಪ್ಪಿಗೆ ಬೇಕಾದದ್ದನ್ನು ತನ್ನ ಮೂಳೆಯಿಂದಲೇ ತೆಗೆಯುತ್ತದೆ ಎಂದರು. ಅಕ್ಕ ಮರಿಗಳ ಚೀಲವನ್ನು ಹಿಂದಕ್ಕೆ ತಳ್ಳಿದರು. ಇದ್ದದ್ದರಲ್ಲಿ ಒಳ್ಳೆಯದಿರಲಿ ಎಂದು, ಹಿಟ್ಟನ್ನು ಒತ್ತಿ ಮಾಡಿದ ಹೊಳಪಿನ ಗುಳಿಗೆಗಳ ಮೊಟ್ಟೆಕೋಳಿ ಆಹಾರವನ್ನೇ ಎರಡು ಬಗೆ ತಂದರು. ಉಳಿದ ಕೋಳಿಗಳು ಹಸಿವಿಗೆ ಹೇಗೋ ಕುಕ್ಕಲು ಕಲಿತವು. ಪುಕ್ಕಲಿ ಮಾತ್ರ ಎರಡನ್ನೂ ಮೂಸಲಿಲ್ಲ.

ಈಗ, ಕೊನೆಯ ಸಾಲು ಓದಲೆಂದು ಅಕ್ಕ ಚೀಲವನ್ನು ಓರೆ ಮಾಡುತ್ತಾರೆ. ತಳದ ಹೊಲಿಗೆಯಿಂದ ಗುಳಿಗೆ ಪುಡಿಯಾದ ಹಿಟ್ಟು ಸಿಮೆಂಟಿನ ಮೇಲೆ ಸುರಿಯುತ್ತದೆ. ನಿಂತಲ್ಲೇ ನಿಂತಿದ್ದ ಪುಕ್ಕಲಿ ಓಡಿ ಬರುತ್ತದೆ. ಹಾಗೆ ಓಡಿದ್ದು ಇದೇ ಮೊದಲು. ತಲೆ ತಗ್ಗಿಸಿ ಟಕಟಕನೆ ಕುಕ್ಕುತ್ತದೆ. ಗಂಡನ ಬ್ರಶ್ಶು ಬಾಯಲ್ಲೇ ನಿಲ್ಲುತ್ತದೆ.

ಅಕ್ಕ ಬೆರಳಿಗೆ ಆ ಹಿಟ್ಟನ್ನು ಹಚ್ಚಿಕೊಂಡು ನೋಡುತ್ತಾರೆ. ಫಾರಂನಲ್ಲಿ ಮೊಟ್ಟೆಗೆ ಅಂಟಿ ಬರುವುದು ಇಂಥದೇ ಹಳದಿ ಹಿಟ್ಟು. ದಿನವೂ ಅದನ್ನು ಒರೆಸಿ ಎಸೆದವರು ಇವರೇ. ಹಿಟ್ಟು ಬಿಟ್ಟು ಬೇರೆ ಊಟವನ್ನೇ ಕಾಣದ ಕೋಳಿಗೆ ಗುಳಿಗೆ ಕಂಡದ್ದು ಬರೀ ಕಲ್ಲಿನ ಹರಳಾಗಿ.

“ನೋಡಿ ನನ್ನ ಬುದ್ಧಿ. ಚೀಲದಲ್ಲಿ ಏನೇನಿದೆ ಅಂತ ಓದ್ತಾ ಕೂತೆ. ಇದು ತಿನ್ನೋ ಥರ ಇದೆಯಾ ಅಂತ ಕೇಳ್ಲೇ ಇಲ್ಲ.”

ಒಳಗೆ ಗುಳಿಗೆ ಪುಡಿ ಮಾಡುತ್ತಾ ಮಿಕ್ಸಿ ಗರ್ರೆನ್ನುತ್ತದೆ. ಇನ್ನು ಮನೆಯ ಮಿಕ್ಸಿಯೂ ಮೊಟ್ಟೆ ಇಡುತ್ತದೆ ಎಂದು ಗಂಡ ಗೊಣಗುತ್ತಾರೆ, ಆದರೆ ಜಾರ್ ಹಿಡಿದುಕೊಂಡಿರುವವರು ಅವರೇ. ಸುಣ್ಣದ ಪ್ರಶ್ನೆ ಹಾಗೇ ಉಳಿದಿದೆ. ಅಂಗಡಿಯವರ ಸಲಹೆಯಂತೆ ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿಟ್ಟಿದ್ದಾರೆ. ಬೇಕಾದಷ್ಟು ಅವೇ ತೆಗೆದುಕೊಳ್ಳಲಿ. ಇದು ಸರಿಯೋ ತಪ್ಪೋ, ಅಕ್ಕನಿಗೆ ಇನ್ನೂ ಅನುಮಾನ.

ಕೆಲಸಕ್ಕೆ ಹೊರಡುವ ಮುನ್ನ ಮೂಲೆಯ ಹುಲ್ಲಿನಲ್ಲಿ ಒಂದು ಮೊಟ್ಟೆ ಸಿಗುತ್ತದೆ. ಅಭ್ಯಾಸಬಲದಿಂದ ಅದನ್ನು ಎತ್ತಿ ಬಿಸಿಲಿಗೆ ಹಿಡಿಯುತ್ತಾರೆ. ಚಿಪ್ಪು ತೆಳು. ಫಾರಂನಲ್ಲಾದರೆ ಪಕ್ಕಕ್ಕೆ ಹೋಗುವಂಥದು. ಅದನ್ನು ಸೆರಗಿನಲ್ಲಿಟ್ಟುಕೊಂಡು ಪುಕ್ಕಲಿಯ ಕಡೆ ನೋಡುತ್ತಾರೆ. ಕೊಕ್ಕಿನ ತುದಿಯಲ್ಲಿ ಹಿಟ್ಟು ಮೆತ್ತಿಕೊಂಡು ಅದು ಮೊದಲ ಸಲ ಬಿಸಿಲಲ್ಲಿ ಕಾಲು ಚಾಚಿ ಮಲಗಿದೆ.

“ಮೊಟ್ಟೆ ತುಂಬಾ ನೋಡಿದ್ದೀನಿ,” ಎನ್ನುತ್ತಾರೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ. “ಏನೂ ಇಡದೆ ಸುಮ್ನೆ ಕೂತಿರೋ ಮುದಿ ಕೋಳಿ ಒಂದನ್ನ ನೋಡ್ಬೇಕು.”